ನ್ಯಾಯಸ್ಥಾಪಕರಾದ ಮೇಲೆ ರೂತಳು

ಸೆಪ್ಟೆಂಬರ್ 23, 2007, ಭಾನುವಾರ. ವೆಸ್ಟ್‌ಮೀಡ್

ಮುಂದಿನ ಶನಿವಾರ ಬೈಬಲಿನ ನಾಡಿಗೆ ಹೊರಡುವುದು. ಇವತ್ತು ಆರಾಧನೆ ಮುಗಿದ ಮೇಲೆ ಮರಿಯಪ್ಪ ಪಾಸ್ಟರ್, ಯಾತ್ರೆಗೆ ಬರುವವರೆಲ್ಲ ಒಂದೊಂದು ನೋಟ್‌ಬುಕ್ ಇಟ್ಟುಕೊಳ್ಳಿ, ವಾಪಸು ಬಂದ ಮೇಲೆ ಸಭೆಯ ಮುಂದೆ ಸಾಕ್ಷಿ ಹೇಳಬೇಕು ಎಂದರು. ಅದಕ್ಕೆ ಬೇರೆ ಪುಸ್ತಕ ಕೊಂಡಿದ್ದೇನೆ. ಅದರಲ್ಲಿ ಒಳ್ಳೊಳ್ಳೆಯ ಮಾತು ಬರೆದರಾಯಿತು. ಇದು ನನ್ನದು.

ಮಧ್ಯಾಹ್ನ ಊಟಕ್ಕೆ ಕೂತಾಗ ಧನರಾಜ್ ಮಗಳನ್ನು, “ಅಮ್ಮ ಊರಲ್ಲಿರಲ್ಲ, ಏನನ್ಸುತ್ತೆ ಪುಟ್ಟಿ?” ಎಂದು ಕೇಳಿದರು.

“ಏನೂ ಅನ್ಸಲ್ಲ. ಟಿವಿ ನೋಡ್ಕೊಂಡು ಆರಾಮಾಗಿರ್ತಾಳೆ,” ಎಂದೆ.

“ಮಮ್, ಹಿ ಆಸ್ಕ್‌ಡ್ ಮೀ,” ಎಂದು ನಿರೀಕ್ಷಾ ತಟ್ಟೆ ಎತ್ತಿಕೊಂಡು ಹೋದಳು. ಹನ್ನೊಂದು ವರ್ಷಕ್ಕೇ ಇಷ್ಟು ಗತ್ತು. ಧನರಾಜ್ ನಕ್ಕು, ನನ್ನ ಹೆಂಡತಿ ಇಡೀ ಮನೆಗೆ ಕಸ್ಟಮರ್ ಸರ್ವಿಸ್ ಎಂದರು. ನಗಲಿ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಇದೇ ಗುಣಕ್ಕೆ ನನಗೆ ಶಹಬ್ಬಾಸ್‌ಗಿರಿ ಸಿಗುತ್ತದೆ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದವರು ತಮ್ಮ ಕಷ್ಟ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನಾನೇ ಹೇಳಿ ಮುಗಿಸಿರುತ್ತೇನೆ. ನಮ್ಮ ಟೀಮಿನಲ್ಲಿ ಬೇಗ ಕರೆ ಮುಗಿಸುವವಳು ನಾನೇ.

ಅಕ್ಟೋಬರ್ 1, ಸೋಮವಾರ. ಅಮ್ಮಾನ್

ದುಬೈಯಲ್ಲಿ ಮೆಲ್ಬೋರ್ನಿನ ಸಭೆಯವರು ಬಂದು ಕೂಡಿಕೊಂಡರು. ಎಲ್ಲ ಸೇರಿ ಒಂದು ಬಸ್ಸು ತುಂಬುವಷ್ಟು ಜನ. ತುಮಕೂರಿನವರು, ಕೋಲಾರದವರು, ಗದಗಿನವರು, ಕನ್ನಡವೇ ನಾಲ್ಕು ಬಗೆ.

ಬಸ್ಸು ಹೊರಡುವ ಮೊದಲು ತಲೆ ಎಣಿಸಬೇಕು ಎಂದು ಡ್ರೈವರ್ ಹೇಳಿದಾಗ ಹಿಂದಿನ ಸೀಟಿನಿಂದ ಒಂದು ಧ್ವನಿ: “ಎಣಿಸೋದು ಗಿಣಿಸೋದು ಬೇಡ ಪಾಸ್ಟರೇ. ದಾವೀದ ಅರಸ ಜನ ಎಣಿಸಿದ್ದಕ್ಕೆ ಊರಿಗೆಲ್ಲ ಕಾಯಿಲೆ ಬಂತು.” ಅವರು ಚಿನ್ನಮ್ಮ ಆಂಟಿ. ಮೆಲ್ಬೋರ್ನಿನ ಡ್ಯಾಂಡೆನಾಂಗ್‌ನಲ್ಲಿ ಒಬ್ಬರೇ ಇದ್ದಾರೆ. ಎಪ್ಪತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದು.

ಪಾಸ್ಟರ್ ಉಪಾಯ ಮಾಡಿದರು. ಎಣಿಸುವ ಬದಲು ಒಬ್ಬೊಬ್ಬರಿಗೂ ಬೈಬಲಿನ ಒಂದೊಂದು ಪುಸ್ತಕದ ಹೆಸರು ಕೊಟ್ಟರು. ಬಸ್ಸು ಹತ್ತಿ ಕೂತ ಮೇಲೆ ಮೊದಲಿಂದ ಸರದಿಯಂತೆ ಅವರವರ ಹೆಸರು ಅವರವರು ಕೂಗಬೇಕು. ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಹೀಗೆ. ಎಲ್ಲಿ ನಿಲ್ಲುತ್ತದೋ ಆ ಪುಸ್ತಕ ಕಾಣೆಯಾಗಿದೆ ಎಂದರ್ಥ. ಸಂಡೇ ಸ್ಕೂಲಿನಲ್ಲಿ ಟೀಚರ್ ಬೆಂಚಿಗೆ ಕೋಲು ಕುಟ್ಟುತ್ತಾ ಬಾಯಿಪಾಠ ಮಾಡಿಸಿದ ಸಾಲು, ಯಾರೂ ಮರೆತಿಲ್ಲ. ನಾನು ‘ನ್ಯಾಯಸ್ಥಾಪಕರು’. ನನ್ನ ನಂತರದ ‘ರೂತಳು’ ಚಿನ್ನಮ್ಮ ಆಂಟಿ. ಅದರ ಮುಂದಿನ ಮೊದಲನೆಯ ಸಮುವೇಲ, ಎರಡನೆಯ ಸಮುವೇಲ ಎರಡೂ ಒಂದು ಗಂಡಹೆಂಡತಿ ಜೋಡಿಗೆ ಬಂದದ್ದಕ್ಕೆ ಇಡೀ ಬಸ್ಸು ಚಪ್ಪಾಳೆ ತಟ್ಟಿತು.

ಅಕ್ಟೋಬರ್ 3, ಬುಧವಾರ

ಯೊರ್ದನ್ ಹೊಳೆ ನೋಡಿದೆವು. ಕೆಸರು ಬಣ್ಣದ ನೀರು, ಜೊಂಡು. ಕೂಗಿದರೆ ಆಚೆ ದಡದವರಿಗೆ ಕೇಳಿಸುವಷ್ಟೇ ಅಗಲ. ಯಾರಿಗೂ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಚಿನ್ನಮ್ಮ ಆಂಟಿ ಮಾತ್ರ, “ಇಷ್ಟೇನಾ? ಇದನ್ನ ದಾಟೋಕಾ ಅಷ್ಟು ಹಾಡು ಕಟ್ಟಿದ್ದು?” ಎಂದು ನಕ್ಕು, ಸೀರೆ ಎತ್ತಿಕೊಂಡು ಮೆಟ್ಟಿಲಿಳಿದು ಕಾಲು ನೆನೆಸಿದರು. ಆಮೇಲೆ ಸುಮ್ಮನೆ ನಿಂತುಬಿಟ್ಟರು. ಕೈ ಹಿಡಿಯಲು ಹೋದೆ. “ಬಿಡು ಮಗಳೇ, ನಾನೇ ಹತ್ತುತ್ತೀನಿ,” ಎಂದರು.

ಯೆಹೋಶುವನ ಜನ ಹೊಳೆಯೊಳಗಿಂದ ಎಷ್ಟು ಕಲ್ಲು ಎತ್ತಿಕೊಂಡರು ಎಂಬುದರಲ್ಲಿ ಪಾಸ್ಟರ್ ತಪ್ಪಿದಾಗ ತಿದ್ದಿದವರೂ ಅವರೇ. ಆ ವಯಸ್ಸಿಗೆ ಆ ಜ್ಞಾಪಕಶಕ್ತಿ ನನಗಿದ್ದರೆ ಸಾಕು.

ಅಕ್ಟೋಬರ್ 4, ಗುರುವಾರ

ಇವತ್ತು ಒಂದು ಗೊಂದಲವಾಯಿತು. ಕೊನೆಗೆ ಎಲ್ಲ ಸರಿಹೋಯಿತು, ದೇವರಿಗೆ ಸ್ತೋತ್ರ.

ಇಸ್ರಾಯೇಲ್ಯರು ನಡೆದ ಮರುಭೂಮಿ ಎಂದು ಮಧ್ಯಾಹ್ನ ಒಂದು ಕಡೆ ನಿಲ್ಲಿಸಿದ್ದರು. ಕಲ್ಲುಗುಡ್ಡ, ಬಿಸಿಲು, ಕುರಿ ಕಾಯುವವರ ಒಂದು ಕಪ್ಪು ಡೇರೆ. ಅರ್ಧ ಗಂಟೆ ಸುತ್ತಾಡಿ ಬಸ್ಸು ಹತ್ತಿದೆವು, ಹೆಸರು ಕೂಗಿದೆವು, ಹೊರಟೆವು. ಬಹಳ ದೂರ ಹೋದ ಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಚಿನ್ನಮ್ಮ ಆಂಟಿ ಬಸ್ಸಿನಲ್ಲಿ ಇಲ್ಲವೆಂದು ಗೊತ್ತಾಯಿತು. ಅವರ ಶಾಲು ಮಾತ್ರ ಕೊನೆಯ ಸೀಟಿನ ಮೇಲಿತ್ತು. ತಿರುಗಿ ಹೋಗುವಷ್ಟರಲ್ಲಿ ಸೂರ್ಯ ಇಳಿಯುತ್ತಿದ್ದ.

ಆಂಟಿ ಡೇರೆಯ ನೆರಳಿನಲ್ಲಿ ಒಬ್ಬ ಹೆಂಗಸಿನ ಪಕ್ಕ ಕೂತಿದ್ದರು. ರಂಜಾನ್ ತಿಂಗಳು. ಆ ಹೆಂಗಸು ತಾನು ಉಪವಾಸವಿದ್ದುಕೊಂಡೇ ಇವರಿಗೆ ಚಹಾ ಕಾಯಿಸಿ ಕೊಟ್ಟಿದ್ದಳು. “ಹೆದರಿಕೆ ಏನೂ ಆಗ್ಲಿಲ್ಲ. ನನ್ನ ಮರೆತುಬಿಟ್ರಲ್ಲ ಅಂತ ಬೇಜಾರಾಯ್ತು,” ಎಂದರು. ಗುಡ್ಡದ ಮರೆಯಲ್ಲಿ ಪ್ರಾರ್ಥನೆಗೆ ಕೂತಿದ್ದರಂತೆ.

ಪಾಸ್ಟರ್‌ಗೆ ಸಮಾಧಾನವಾಗಲಿಲ್ಲ. “ಮರೆತಿಲ್ಲ ಆಂಟಿ. ಹೆಸರು ಕೂಗಿಸಿದೀನಿ. ‘ರೂತಳು’ ಅಂತ ನನ್ನ ಕಿವಿಯಾರೆ ಕೇಳಿದೀನಿ. ಹತ್ತಿ ಮತ್ತೆ ಇಳಿದ್ರಾ?”

“ನಾನು ಹತ್ತೇ ಇಲ್ಲವಲ್ಲಪ್ಪ.”

“ಎಲ್ಲಾರೂ ಕೇಳಿದೀವಿ ಆಂಟಿ.”

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಅಕ್ಟೋಬರ್ 5, ಶುಕ್ರವಾರ

ನಿನ್ನೆ ಬರೆದದ್ದರಲ್ಲಿ ಸುಳ್ಳಿಲ್ಲ. ಬಿಟ್ಟದ್ದಿದೆ.

‘ರೂತಳು’ ಎಂದವಳು ನಾನು.

ಬೇಕೆಂದು ಹೇಳಿದ್ದಲ್ಲ. ನನ್ನ ಸರದಿ ಬಂತು, ‘ನ್ಯಾಯಸ್ಥಾಪಕರು’ ಎಂದೆ, ಹಿಂದೆಯೇ ನಾಲಿಗೆ ‘ರೂತಳು’ ಎಂದುಬಿಟ್ಟಿತು. ಚಿಕ್ಕಂದಿನಿಂದ ಆ ಎರಡು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದ ನಾಲಿಗೆ. ಅಷ್ಟರಲ್ಲಿ ಸಮುವೇಲ ಜೋಡಿ ಕೂಗಿಯಾಗಿತ್ತು. ಪಾಸ್ಟರ್ ಡ್ರೈವರ್ ಜೊತೆ ದಾರಿ ಮಾತಾಡುತ್ತಾ ಅತ್ತ ತಿರುಗಿದ್ದರು. ಉಳಿದವರು ಊಟದ ಮತ್ತಿನಲ್ಲಿದ್ದರು.

ಇಷ್ಟೇ ಆಗಿದ್ದರೆ ಬಾಯಿತಪ್ಪು ಎನ್ನಬಹುದಿತ್ತು. ಬಸ್ಸು ಹೊರಟ ಮೇಲೆ ನನಗೆ ಗೊತ್ತಾಯಿತು. ಅಯ್ಯೋ, ಅವರದ್ದೂ ನಾನೇ ಹೇಳಿದೆನಲ್ಲ ಎನ್ನಿಸಿತು. ಎದ್ದು ಹಿಂದೆ ಹೋಗಿ ನೋಡಿದ್ದರೆ ಮುಗಿಯುತ್ತಿತ್ತು. ಕಾಲು ಚಾಚಿ ಮಲಗಿರುತ್ತಾರೆ ಬಿಡು ಎಂದುಕೊಂಡು ಕಿಟಕಿಯ ಪರದೆ ಎಳೆದೆ.

ಇವತ್ತು ಉಪ್ಪಿನ ಸಮುದ್ರ. ಎಲ್ಲರೂ ತೇಲಿ ಫೋಟೋ ತೆಗೆಸಿಕೊಂಡರು. ತಲೆನೋವು ಎಂದು ನಾನು ದಡದಲ್ಲೇ ಕೂತೆ. ಚಿನ್ನಮ್ಮ ಆಂಟಿಯೇ ಬಂದು ಹಣೆಗೆ ವಿಕ್ಸ್ ಹಚ್ಚಿದರು.

ಅಕ್ಟೋಬರ್ 14, ಭಾನುವಾರ. ವೆಸ್ಟ್‌ಮೀಡ್

ಸಭೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಕಥೆ. ಹೇಳುತ್ತಾ ಹೇಳುತ್ತಾ ಬೆಳೆದಿದೆ. ಬಸ್ಸು ಹತ್ತಿ, ಹೆಸರು ಕೂಗಿ, ಯಾರಿಗೂ ಹೇಳದೆ ಇಳಿದು, ಇಳಿದದ್ದನ್ನೇ ಮರೆತ ಅಜ್ಜಿ. ಜನ ನಗುತ್ತಾರೆ. ನಾನು ಇಡ್ಲಿಯ ತಟ್ಟೆ ಹಿಡಿದು ಅಡುಗೆಮನೆಯ ಕಡೆ ಹೋಗುತ್ತೇನೆ. ಯಾರೂ ನನ್ನನ್ನು ಕೇಳುವುದಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿದೆ ನನ್ನ ಬಾಳು.

ಯಾರಿಗೆ ಏನು ನಷ್ಟವಾಯಿತು ಹೇಳಿ? ಅವರು ಸುಖವಾಗಿ ಮನೆ ಸೇರಿದ್ದಾರೆ. ಸಾಕ್ಷಿಯ ನೋಟ್‌ಬುಕ್ಕಿನಲ್ಲಿ ಹೊಳೆಯ ಬಗ್ಗೆ ಎರಡು ಪುಟ ಬರೆದೆ. ಚೆನ್ನಾಗಿ ಬಂದಿದೆ.

ಅಕ್ಟೋಬರ್ 28, ಭಾನುವಾರ

ಸಾಕ್ಷಿಯ ಕೂಟ ಡಿಸೆಂಬರ್ ಎರಡಕ್ಕೆ, ಮೆಲ್ಬೋರ್ನಿನಲ್ಲಿ. ಅದನ್ನು ತಿಳಿಸಲು ಚಿನ್ನಮ್ಮ ಆಂಟಿಯ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅವರನ್ನು ನೋಡಲು ಬಂದಿದ್ದ ಮಗ ಅಜಯ್. ಯಾತ್ರೆ ಹೇಗಿತ್ತು ಎಂದು ಕೇಳಲಿಲ್ಲ.

“ಅಕ್ಕ, ಅಮ್ಮ ಅಲ್ಲಿ ಬೇರೆ ಏನಾದ್ರೂ ಮರೀತಿದ್ರಾ? ಡಾಕ್ಟರ್ ಕೇಳ್ತಿದಾರೆ. ಬಸ್ಸಿಂದು ಹೇಳಿದೀನಿ. ಮೆಮೊರಿ ಟೆಸ್ಟ್ ಮಾಡಿದ್ರು. ಗಡಿಯಾರದ ಚಿತ್ರ ಬರೀರಿ ಅಂದ್ರೆ ಸರಿಯಾಗೇ ಬರೆದ್ರು. ಆದ್ರೆ ಹತ್ತಿ ಇಳಿದಿದ್ದೇ ನೆನಪಿಲ್ಲ ಅಂದ್ರೆ ಅದು ಚಿಕ್ಕ ವಿಷಯ ಅಲ್ವಲ್ಲ. ಇನ್ನೊಂದ್ಸಲ ಟೆಸ್ಟ್ ಇದೆ. ಅಲ್ಲೀವರೆಗೂ ರಿಸ್ಕ್ ಬೇಡ ಅಂತ ಗ್ಯಾಸ್ ಒಲೆ ತಿರುಗಣೆಗಳನ್ನ ಕಿತ್ತು ನನ್ನ ಕಾರಲ್ಲಿಟ್ಟಿದೀನಿ. ಒಬ್ರೇ ಟ್ರೇನಲ್ಲಿ ಮಾರ್ಕೆಟ್‌ಗೆ ಹೋಗ್ಬೇಡಿ ಅಂದಿದೀನಿ. ವಯಸ್ಸಾದವರ ಏಜ್ಡ್ ಕೇರ್ ಹೋಮ್ ಒಂದೆರಡು ನೋಡ್ಕೊಂಡು ಬಂದೆ.”

“ಏನೂ ಮರೀತಿರ್ಲಿಲ್ಲ ಅಜಯ್. ತುಂಬಾ ಚುರುಕಾಗಿದ್ರು,” ಎಂದೆ.

“ಎಲ್ರೂ ಹಾಗೇ ಹೇಳ್ತಾರೆ ಅಕ್ಕ, ನನಗೆ ಬೇಜಾರಾಗ್ಬಾರ್ದು ಅಂತ.”

ಆಗ ಹೇಳಬೇಕಾಗಿತ್ತು. ಬಾಯಿಯ ತನಕ ಬಂತು. ಪ್ರಪಂಚದವರ ಮಾತನ್ನೆಲ್ಲ ಆಡುವ ನನಗೆ ನನ್ನದೇ ಒಂದು ಮಾತು ಹೊರಡಲಿಲ್ಲ. ‘ಪ್ರಾರ್ಥನೆ ಮಾಡ್ತೀನಿ’ ಎಂದು ಫೋನಿಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನವೆಂಬರ್ 2, ಶುಕ್ರವಾರ

ಒಲೆ ಹಚ್ಚುವಾಗಲೆಲ್ಲ ತಿರುಗಣೆ ಕೈಗೆ ಸಿಗುತ್ತದೆ.

ನವೆಂಬರ್ 10, ಶನಿವಾರ

ಇವತ್ತು ಧೈರ್ಯ ಮಾಡಿದೆ. ಫೋನಿನಲ್ಲಿ ಚಿನ್ನಮ್ಮ ಆಂಟಿಯೇ ಸಿಕ್ಕರು. ವಂದನೆ ಹೇಳಿ, “ಆಂಟಿ, ಅವತ್ತು ಬಸ್ಸಲ್ಲಿ...” ಎಂದು ಶುರುಮಾಡಿದೆ.

“ನೆನಪಾಯ್ತು ಮಗಳೇ!” ಎಂದರು. ಸಂತೋಷದ ಧ್ವನಿ. “ಕೂತು ಯೋಚನೆ ಮಾಡ್ದೆ. ಹತ್ತಿದೆ. ಹಿಂದುಗಡೆ ಸೀಟಲ್ಲಿ ಕೂತೆ. ರೂತಳು ಅಂದೆ. ಆಮೇಲೆ ಶಾಲು ಗುಡ್ಡದ ಹತ್ರ ಬಿಟ್ಟೆ ಅನ್ನಿಸ್ತು, ಇಳಿದೆ. ಈಗ ಕಣ್ಣಿಗೆ ಕಟ್ಟಿದ ಹಾಗಿದೆ. ಅಜಯ್‌ಗೆ ಹೇಳ್ದೆ, ನೋಡಪ್ಪ, ನೆನಪು ವಾಪಸ್ ಬರ್ತಿದೆ ಅಂತ.”

ಶಾಲು ಬಸ್ಸಿನಲ್ಲೇ ಇತ್ತಲ್ಲ ಆಂಟಿ, ಅದನ್ನು ಹುಡುಕಿಕೊಂಡು ನೀವೇಕೆ ಇಳಿಯುತ್ತೀರಿ ಎನ್ನಲು ನನ್ನಿಂದಾಗಲಿಲ್ಲ. ಆಗದೇ ಇದ್ದದ್ದನ್ನು ಪಾಪ ಮನಸ್ಸಿನಲ್ಲಿ ನೂತು ನೇಯ್ದು ಹೊದ್ದುಕೊಂಡಿದ್ದಾರೆ. ನಾವು ಇಷ್ಟು ಜನ ಕೇಳಿದೆವು ಎಂದ ಮೇಲೆ ತಮ್ಮ ತಲೆಯನ್ನೇ ಸುಳ್ಳು ಮಾಡಿಕೊಂಡರು.

ಫೋನಿಟ್ಟು ಬಚ್ಚಲಲ್ಲಿ ಕೂತು ಅತ್ತೆ. ಹೊರಗೆ ನಿರೀಕ್ಷಾ, “ಮಮ್, ಆರ್ ಯೂ ಓಕೆ?” ಎಂದಳು. ‘ಇಲ್ಲ’ ಎಂದೆ. ಅವಳು ಬಾಗಿಲ ಆಚೆಯೇ ನೆಲದ ಮೇಲೆ ಕೂತಳು. ಬಹಳ ಹೊತ್ತಾದ ಮೇಲೆ ಶಾಲೆಯಲ್ಲಿ ಅವಳ ಗೆಳತಿ ಮಾತು ಬಿಟ್ಟದ್ದನ್ನು ಹೇಳಿದಳು, ಅರ್ಧ ಇಂಗ್ಲಿಷು, ಅರ್ಧ ಕನ್ನಡ, ತಡವರಿಸಿ ತಡವರಿಸಿ. ಇಷ್ಟು ಉದ್ದದ ಮಾತು ಅವಳು ಯಾವಾಗ ಆಡಿದ್ದಳೋ ನನಗೆ ನೆನಪಿಲ್ಲ.

ನವೆಂಬರ್ 24, ಶನಿವಾರ

ವೋಟು ಹಾಕಲು ಶಾಲೆಯ ಮುಂದೆ ಸಾಲಿನಲ್ಲಿ ನಿಂತಾಗ ಧನರಾಜ್‌ಗೆ ಎಲ್ಲ ಹೇಳಿದೆ. ಪಕ್ಕದಲ್ಲಿ ಶಾಲೆಯವರು ಮಾರಲು ಸಾಸೇಜ್ ಸುಡುತ್ತಿದ್ದ ಹೊಗೆ ಕಣ್ಣಿಗೆ ಬರುತ್ತಿತ್ತು, ಅಳುವುದಕ್ಕೆ ಒಂದು ನೆಪವಾಯಿತು. ಅವರು ಬೈಯುತ್ತಾರೆ ಎಂದು ಕಾದೆ. ಅದೇ ಪಾಸ್ಟರ್, ಅದೇ ಸಭೆ, ಆಮೇಲೆ ಅಲ್ಲಿ ಮುಖ ತೋರಿಸುವುದು ಹೇಗೆ ಎಂಬ ನನ್ನ ಚಿಂತೆಯನ್ನೂ ಹೇಳಿದೆ.

“ಆ ಆಂಟಿಗೆ ಮುಖ ಇಲ್ವಾ?” ಎಂದರು. ಅಷ್ಟೇ.

ಆಫೀಸಿನಲ್ಲೂ ಗ್ರಹಚಾರ. ಟೀಮ್ ಲೀಡರ್ ಊರ್ಮಿಳಾ ಕರೆದು ಈ ತಿಂಗಳು ನನ್ನ ಕಾಲ್ ಟೈಮ್ ತುಂಬಾ ಏರಿದೆ, ಏನು ಸಮಾಚಾರ ಎಂದು ಕೇಳಿದಳು. ಫೋನ್ ಮಾಡುವವರೇ ಈಚೆಗೆ ಜಾಸ್ತಿ ಮಾತಾಡುತ್ತಿದ್ದಾರೆ, ನಾನೇನು ಮಾಡಲಿ?

ಡಿಸೆಂಬರ್ 1, ಶನಿವಾರ. ಡ್ಯಾಂಡೆನಾಂಗ್

ಬೆಳಗ್ಗೆ ವಿಮಾನ ಇಳಿದವಳು ನೇರ ಅವರ ಮನೆಗೆ ಹೋದೆ. ಅಜಯ್ ಇದ್ದ. ಅಡುಗೆಮನೆಯಲ್ಲಿ ಒಲೆ ಹಲ್ಲುದುರಿದ ಬಾಯಿಯ ಹಾಗೆ ಕಂಡಿತು. ಚಿನ್ನಮ್ಮ ಆಂಟಿ ಎಲೆಕ್ಟ್ರಿಕ್ ಕೆಟಲಿನಲ್ಲಿ ನೀರು ಕಾಯಿಸಿ ಟೀ ಬ್ಯಾಗ್ ಅದ್ದಿ ಕೊಟ್ಟರು. “ಇದು ಟೀನಾ? ಆ ಡೇರೆ ಹೆಂಗಸಿಂದು ಟೀ,” ಎಂದರು. ಮೊದಲಿನ ಗತ್ತಿಲ್ಲ. ಪ್ರತಿ ಮಾತಿಗೂ ಮಗನ ಮುಖ ನೋಡುತ್ತಾರೆ, ಸರಿಯಾಗಿ ಹೇಳಿದೆನಾ ಎಂಬಂತೆ. ಅದನ್ನು ನೋಡಲು ನನ್ನಿಂದಾಗಲಿಲ್ಲ.

“ಆಂಟಿ, ನೀವು ಬಸ್ ಹತ್ತಲೇ ಇಲ್ಲ. ರೂತಳು ಅಂದಿದ್ದು ನಾನು. ನನ್ನ ಹೆಸರಿನ ಜೊತೆ ನಿಮ್ಮದೂ ಬಾಯಿಗೆ ಬಂದುಬಿಡ್ತು. ಆಮೇಲೆ ಗೊತ್ತಾದ್ರೂ ಸುಮ್ಮನಿದ್ದೆ.”

ಆಂಟಿ ನನ್ನನ್ನೇ ನೋಡಿದರು. ಆಮೇಲೆ ನನ್ನ ಕೆನ್ನೆ ಸವರಿದರು. “ಎಂಥಾ ಮನಸ್ಸಮ್ಮ ನಿಂದು! ನನ್ನ ಬಚಾವ್ ಮಾಡೋಕೆ ನಿನ್ನ ಮೇಲೆ ಹಾಕ್ಕೊಳ್ತೀಯಾ? ಬೇಡ ಮಗಳೇ. ನನಗೆ ಶಾಲೂ ನೆನಪಿದೆ, ಬಸ್ಸಿನ ಮೆಟ್ಟಿಲೂ ನೆನಪಿದೆ.”

ಅಜಯ್ ಗೇಟಿನ ತನಕ ಬಂದ. “ಥ್ಯಾಂಕ್ಸ್ ಅಕ್ಕ. ಆದ್ರೆ ಹೀಗೆಲ್ಲ ಹೇಳಿ ಅವರನ್ನ ಕನ್‌ಫ್ಯೂಸ್ ಮಾಡ್ಬೇಡಿ, ಪ್ಲೀಸ್. ಬುಧವಾರ ಟೆಸ್ಟ್ ಇದೆ.”

ಸುಳ್ಳನ್ನು ಎಲ್ಲರೂ ಒಂದೇ ಮಾತಿಗೆ ನಂಬಿದರು. ನಿಜ ಹೇಳಿದರೆ ಪುಣ್ಯವಂತೆ ಎನ್ನುತ್ತಾರೆ. ಬಿಸಿತುಪ್ಪ ಈಗ ಗಂಟಲಲ್ಲೂ ಇಲ್ಲ, ಎದೆಯಲ್ಲಿ ಕೂತಿದೆ. ನಾಳೆ ನನ್ನ ಸಾಕ್ಷಿ.

ಡಿಸೆಂಬರ್ 2, ಭಾನುವಾರ. ಮೆಲ್ಬೋರ್ನ್ ಏರ್‌ಪೋರ್ಟ್

ಸಿಡ್ನಿ ವಿಮಾನ ತಡವಂತೆ. ಇಲ್ಲೇ ಕೂತು ಬರೆಯುತ್ತೇನೆ.

ಚರ್ಚಿನ ಹಾಲು ತುಂಬಿತ್ತು. ಯಾತ್ರೆಗೆ ಹೋದವರನ್ನೆಲ್ಲ ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ಚಿನ್ನಮ್ಮ ಆಂಟಿಯನ್ನು ಅಜಯ್ ಪಕ್ಕದ ಬಾಗಿಲ ಹತ್ತಿರ ಕೂರಿಸಿಕೊಂಡಿದ್ದ. ಒಬ್ಬೊಬ್ಬರೂ ಸಾಕ್ಷಿ ಹೇಳಿದರು. ಇಬ್ಬರು ಬಸ್ಸಿನ ಕಥೆ ಹೇಳಿ ನಗಿಸಿದರು. ಆಂಟಿಯೂ ನಕ್ಕರು, ಸ್ವಲ್ಪ ತಡವಾಗಿ.

ನನ್ನ ಸರದಿ ಬಂದಾಗ ಹೊಳೆಯ ಎರಡು ಪುಟಗಳನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದೆ. “ಪಾಸ್ಟರ್, ನನಗೆ ಹೇಳೋಕೆ ಬರಲ್ಲ. ಒಂದ್ಸಲ ಬಸ್ಸಲ್ಲಿ ಕೂಗಿಸಿದ ಹಾಗೆ ಹೆಸರು ಕೂಗಿಸ್ತೀರಾ? ಯಾತ್ರೆಗೆ ಬಂದವರು ಕಣ್ಣು ಮುಚ್ಕೊಳಿ.”

ಪಾಸ್ಟರ್‌ಗೆ ಇದು ಹೊಸ ಬಗೆಯ ಪ್ರಾರ್ಥನೆ ಎನ್ನಿಸಿರಬೇಕು. ಖುಷಿಯಿಂದ ಶುರುಮಾಡಿಸಿದರು. ಆದಿಕಾಂಡ. ವಿಮೋಚನಕಾಂಡ. ಯಾಜಕಕಾಂಡ. ಅರಣ್ಯಕಾಂಡ. ಧರ್ಮೋಪದೇಶಕಾಂಡ. ಯೆಹೋಶುವ.

“ನ್ಯಾಯಸ್ಥಾಪಕರು ರೂತಳು,” ಎಂದೆ. ಅವತ್ತಿನಂತೆಯೇ, ಒಂದೇ ಉಸಿರಿನಲ್ಲಿ.

ಮೊದಲನೆಯ ಸಮುವೇಲ ಕೂಗಲಿಲ್ಲ. ಪಾಸ್ಟರ್ ಕಣ್ಣು ಬಿಟ್ಟರು. “ಇದೇ...” ಎಂದರು. “ಅವತ್ತು ಕೇಳಿದ್ದು ಇದೇ ಧ್ವನಿ.” ಸಾಲಿನಲ್ಲಿ ಒಬ್ಬೊಬ್ಬರಾಗಿ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು. ಈ ಸಲ ಯಾರೂ ಪುಣ್ಯವಂತೆ ಎನ್ನಲಿಲ್ಲ.

ಚಿನ್ನಮ್ಮ ಆಂಟಿ ಎದ್ದು ನಿಂತಿದ್ದರು. “ಹಾಗಾದ್ರೆ ನಾನು ಹತ್ತಿರಲಿಲ್ಲ.”

“ಇಲ್ಲ ಆಂಟಿ.”

“ಶಾಲು?”

“ಬಸ್ಸಲ್ಲೇ ಇತ್ತು ಆಂಟಿ. ನೀವು ಸೀಟಲ್ಲಿ ಬಿಟ್ಟು ಇಳಿದಿದ್ರಿ.”

ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. “ನನ್ನ ತಲೆ ಕೆಟ್ಟಿದೆ ಅಂತ ನಾನೇ ನಂಬಿದ್ದೆ, ಗೊತ್ತಾ ನಿನಗೆ? ಬೆಳಗ್ಗೆ ಎದ್ದರೆ, ಇವತ್ತು ಏನು ಮರೆತಿದೀನೋ ಅಂತ ಮನೆಯೆಲ್ಲ ಹುಡುಕ್ತಿದ್ದೆ.”

ಗೊತ್ತು ಆಂಟಿ ಎಂದು ನಾಲಿಗೆಯ ತುದಿಗೆ ಬಂತು. ಗೊತ್ತಿರಲಿಲ್ಲ. ಸುಮ್ಮನೆ ನಿಂತೆ.

ಅವರು ಮಗನ ಕಡೆ ತಿರುಗಿದರು. “ಅಜಯ್, ನನ್ನ ಒಲೆ ತಿರುಗಣೆ ಎಲ್ಲಿ?”

“ಕಾರಲ್ಲಿದೆ ಅಮ್ಮ.”

“ಹೋಗಿ ತಗೊಂಡ್ಬಾ.”

“ಅಮ್ಮ, ಕೂಟ ಮುಗೀಲಿ...”

“ತಗೊಂಡ್ಬಾ ಅಂದೆ.” ಬಸ್ಸಿನ ಹಿಂದಿನ ಸೀಟಿನಿಂದ ಬಂದ ಅದೇ ಧ್ವನಿ. ಅಜಯ್ ಹೋದ. ಆಂಟಿ ಮುಂದಿನ ಸಾಲಿಗೆ ಬಂದು ನನ್ನ ಪಕ್ಕ ನಿಂತರು. ನನ್ನ ಕಡೆ ನೋಡಲಿಲ್ಲ. “ಪಾಸ್ಟರೇ, ಮೊದಲಿಂದ ಶುರುಮಾಡಿ. ಇವಳು ಇವಳದ್ದಷ್ಟೇ ಹೇಳ್ಲಿ.”

ಮತ್ತೆ ಆದಿಕಾಂಡ. ಎಲ್ಲರ ಧ್ವನಿಯೂ ಇಳಿದಿತ್ತು. ಯೆಹೋಶುವ ಆಯಿತು.

“ನ್ಯಾಯಸ್ಥಾಪಕರು,” ಎಂದೆ.

ಆಂಟಿ ಏನೂ ಹೇಳಲಿಲ್ಲ. ಹಾಲಿನಲ್ಲಿ ಯಾರೋ ಕೆಮ್ಮಿದರು. ಒಂದು ಮಗು ಅತ್ತು ಸುಮ್ಮನಾಯಿತು. ಪಾಸ್ಟರ್ ನನ್ನ ಮುಖ ನೋಡಿದರು, ಎರಡನೆಯ ಸಮುವೇಲನೂ ನೋಡಿದ, ನಾನೇನಾದರೂ ಮಾಡಬೇಕೆಂಬಂತೆ. ನಾನು ಬಾಯಿ ತೆರೆಯಲಿಲ್ಲ. ಕಾರ್ ಪಾರ್ಕಿನಿಂದ ಬರಲು ಅಜಯ್‌ಗೆ ಎಷ್ಟು ಹೊತ್ತು ಹಿಡಿಯಿತೋ, ಅಷ್ಟು ಹೊತ್ತೂ ಇಡೀ ಸಭೆ ಅವರಿಗಾಗಿ ಕಾಯಿತು.

ಅಜಯ್ ಬಂದು ಒಂದು ಪ್ಲಾಸ್ಟಿಕ್ ಕವರ್ ಅವರ ಕೈಗಿಟ್ಟ. ಆಂಟಿ ಬಿಚ್ಚಿ ಒಳಗೆ ನೋಡಿದರು, ಗಂಟು ಹಾಕಿದರು, ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು.

“ರೂತಳು,” ಎಂದರು.